ಕೈ ಜೋಮು ಹಿಡಿದರೆ ಸೈಕಲ್ಲನ್ನೂ ಪರೀಕ್ಷಿಸಿ

ಕಳೆದ ವರ್ಷ ಶ್ರಾವಣದ ಒಂದು ಸಂಜೆ, ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಮಾಸ್ತರರು ಮಾಳಮಡ್ಡಿಯ ನನ್ನ ದವಾಖಾನೆಗೆ ಬಂದರು. ವಯಸ್ಸು 66. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಗುಳಿಗೆ, ಪಥ್ಯ ಎರಡನ್ನೂ ತಪ್ಪದೆ ಪಾಲಿಸುವ ಶಿಸ್ತಿನ ಮನುಷ್ಯ. ಎಡಗೈಯನ್ನು ಮೇಜಿನ ಮೇಲೆ ಚಾಚಿ, "ನೋಡಪಾ, ಈ ಎರಡು ಬೆರಳು ಜೋಮು ಹಿಡದಾವ. ಬಲಗೈಗೂ ಸುರು ಆಗ್ಯದ. ಸಕ್ಕರಿ ನರಕ್ಕ ಇಳೀತೇನು?" ಎಂದು ಕೇಳಿದರು. ಅವರು ತೋರಿಸಿದ್ದು ಕಿರುಬೆರಳು ಮತ್ತು ಅದರ ಪಕ್ಕದ ಬೆರಳನ್ನು. ಜೊತೆಗೆ ಕುತ್ತಿಗೆ ನೋವು, ಮೊಣಕಾಲ ಚಿಪ್ಪಿನ ಸುತ್ತ ನೋವು.

ನಾನು ವೈದ್ಯರು ಸಾಮಾನ್ಯವಾಗಿ ಮಾಡುವುದನ್ನೇ ಮಾಡಿದೆ. ರಕ್ತ ತಪಾಸಣೆ ಮಾಡಿಸಿದೆ. ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುಕಾಲ ನುಂಗುವವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗುವುದುಂಟು, ಆದ್ದರಿಂದ ಅದರ ಗುಳಿಗೆ ಬರೆದುಕೊಟ್ಟೆ. ಮೂರು ವಾರ ಕಳೆದರೂ ಗುಣ ಕಾಣಲಿಲ್ಲ. ನಾಲ್ಕನೆಯ ಸಲ ಅವರು ಬರುವ ಹೊತ್ತಿಗೆ ಕರೆಂಟ್ ಹೋಗಿತ್ತು, ನಾನು ಬಾಗಿಲಲ್ಲಿ ನಿಂತಿದ್ದೆ. ರಸ್ತೆಯ ತುದಿಯಿಂದ ಅವರು ಸೈಕಲ್ ಮೇಲೆ ಬರುವುದನ್ನು ಅಂದೇ ಮೊದಲ ಬಾರಿಗೆ ಕಂಡೆ.

ಎರಡೂ ಕೈ ತಳ್ಳುಗಾಡಿ ನೂಕುವವರ ಹಾಗೆ ನೆಟ್ಟಗೆ ಚಾಚಿದ್ದವು. ಮೊಣಕೈ ಬಾಗಿರಲೇ ಇಲ್ಲ. ಮುಂದಿನ ದಾರಿ ಕಾಣಲೆಂದು ಕುತ್ತಿಗೆಯನ್ನು ಆಮೆಯಂತೆ ಮೇಲೆತ್ತಿದ್ದರು. ಸೀಟು ಮಾತ್ರ ತೀರ ಕೆಳಗೆ, ಪ್ರತಿ ಸುತ್ತಿಗೂ ಮೊಣಕಾಲು ಹೊಟ್ಟೆಯ ಹತ್ತಿರ ಬರುತ್ತಿತ್ತು. ವಿಚಾರಿಸಿದಾಗ ತಿಳಿಯಿತು: ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗ ತಾನು ಓಡಿಸುತ್ತಿದ್ದ ಗೇರ್ ಸೈಕಲ್ಲನ್ನು, ಅಪ್ಪನಿಗೆ ವ್ಯಾಯಾಮವಾಗಲಿ ಎಂದು ರೈಲಿನಲ್ಲಿ ಹಾಕಿ ಕಳಿಸಿದ್ದ. ಮಗನ ಎತ್ತರ ಆರು ಅಡಿಗೆ ಒಂದು ಅಂಗುಲ ಕಡಿಮೆ, ತಂದೆಯದು 5 ಅಡಿ 5 ಅಂಗುಲ. ಎರಡು ತಿಂಗಳಿಂದ ದಿನಾ ಮುಂಜಾನೆ ಅದರ ಮೇಲೆ ನವಲೂರಿನವರೆಗೆ ಹೋಗಿ ಬರುತ್ತಿದ್ದರು. ಮೂರು ಸಲ ಬಂದರೂ ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

"ಅಳತಿ ತಗೊಳ್ಳಾರದ ಉತ್ತರ ಬರದೀ ನೀನು" ಎಂದು ಮಾಸ್ತರರು ನಕ್ಕರು. ಮೂವತ್ತು ವರ್ಷಗಳ ಹಿಂದೆ ಇದೇ ಮಾತಿಗೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಯಾವ ಬೆರಳು, ಯಾವ ನರ?

ಜೋಮು ಹಿಡಿದ ಬೆರಳು ಯಾವುದೆಂದು ನೀವೇ ಗಮನಿಸಿದರೆ ಅರ್ಧ ರೋಗನಿದಾನ ಆದಂತೆ. ಮೊಣಕೈಯ ಒಳಮೂಲೆ ಬಾಗಿಲಿಗೆ ತಾಗಿದಾಗ ಕೈಯೆಲ್ಲ ಜುಮ್ಮೆನ್ನುತ್ತದಲ್ಲವೆ? ಅದು ಅಲ್ನಾರ್ ನರ. ಕಿರುಬೆರಳಿಗೂ ಉಂಗುರಬೆರಳಿನ ಹೊರ ಅರ್ಧಕ್ಕೂ ಸ್ಪರ್ಶಜ್ಞಾನ ಕೊಡುವುದು ಅದೇ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಬದಿಗೆ, ಅದು ಒಂದು ಸಣ್ಣ ಸುರಂಗದ ಮೂಲಕ ಹಾಯುತ್ತದೆ. 1861ರಲ್ಲಿ ಇದನ್ನು ವರ್ಣಿಸಿದ ಫ್ರಾನ್ಸಿನ ಶಸ್ತ್ರವೈದ್ಯ ಗುಯೋಂ ಅವರ ಹೆಸರಿನಿಂದಲೇ ಆ ಸುರಂಗವನ್ನು ಕರೆಯುತ್ತಾರೆ. ಮೈಭಾರವೆಲ್ಲ ಅಂಗೈಯ ಈ ಭಾಗದ ಮೇಲೆ ಬಿದ್ದು, ರಸ್ತೆಯ ಕುಲುಕಾಟವೂ ಸೇರಿದರೆ ನರ ಒತ್ತಿಹೋಗುತ್ತದೆ. ಸೈಕಲ್ ಸವಾರರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ವೈದ್ಯಗ್ರಂಥಗಳಲ್ಲಿ ಇದಕ್ಕೆ 'ಹ್ಯಾಂಡಲ್‌ಬಾರ್ ಪಾಲ್ಸಿ' ಎಂದೇ ಹೆಸರಿದೆ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಅದು ಬೇರೆಯ ನರ, ಮೀಡಿಯನ್ ನರ. ರಾತ್ರಿ ನಿದ್ದೆಯಿಂದ ಎಬ್ಬಿಸುವಂತಹ ಜೋಮು ಹೆಚ್ಚಾಗಿ ಇದರದು. ಸಕ್ಕರೆ ಕಾಯಿಲೆಯ ನರದೋಷವಾದರೋ ಬಹುಮಟ್ಟಿಗೆ ಪಾದಗಳಿಂದ ಸುರುವಾಗಿ ಮೇಲಕ್ಕೇರುತ್ತದೆ, ಎರಡೂ ಕಾಲುಗಳಲ್ಲಿ ಸಮನಾಗಿ. ಮಾಸ್ತರರ ಪಾದಗಳು ಚೆನ್ನಾಗಿಯೇ ಇದ್ದವು. ನಾನು ಅಲ್ಲಿಯೇ ಎಚ್ಚರಗೊಳ್ಳಬೇಕಿತ್ತು.

ಅಜ್ಜನ ಕಾಲದ ಕರಿ ಸೈಕಲ್ಲಿನಲ್ಲಿ ಈ ಗೋಳು ಇರಲಿಲ್ಲ. ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಯಾವುದೇ ಇರಲಿ, ಹ್ಯಾಂಡಲ್ಲಿನ ಹಿಡಿಕೆಗಳು ಸವಾರನ ಕಡೆಗೆ ಬಾಗಿ ಹಿಂದಕ್ಕೆ ಬರುತ್ತಿದ್ದವು. ಧೋತರ ಉಟ್ಟವರೂ ಕುರ್ಚಿಯಲ್ಲಿ ಕೂತ ಹಾಗೆ ನೆಟ್ಟಗೆ ಕೂತು ಹೋಗುತ್ತಿದ್ದರು. ಭಾರವೆಲ್ಲ ಸೀಟಿನ ಮೇಲೆ, ಕೈಗೆ ದಾರಿ ತೋರಿಸುವುದಷ್ಟೇ ಕೆಲಸ. ಅಟ್ಲಾಸ್ ಕಂಪನಿ ತನ್ನ ಕೊನೆಯ ಕಾರ್ಖಾನೆಯನ್ನು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ನಿಲ್ಲಿಸಿತು. ಈಗ ಮನೆಮನೆಗೆ ಬರುವ ಗೇರ್ ಸೈಕಲ್ಲುಗಳಲ್ಲಿ ಹ್ಯಾಂಡಲ್ ನೇರ ಕೋಲಿನಂತೆ ಇರುತ್ತದೆ, ಅದೂ ಮುಂದೆ. ಅದನ್ನು ಮುಂದಕ್ಕೆ ಚಾಚಿ ಹಿಡಿದಿರುವ ಗೇಣಿಗಿಂತ ಚಿಕ್ಕದಾದ ಭಾಗವೇ ಸ್ಟೆಮ್. ಅದರ ಉದ್ದ, ಓರೆ ಎರಡೂ ಸವಾರನ ಬೆನ್ನು, ಕುತ್ತಿಗೆ, ಅಂಗೈಗಳ ಹಣೆಬರಹ ಬರೆಯುತ್ತವೆ.

ನನ್ನ ಅರ್ಧ ಸಲಹೆ

ಅಂದು ನಾನು ಒಂದು ಚೀಟಿಯ ಮೇಲೆ "ಹ್ಯಾಂಡಲ್ ಹತ್ತಿರ ತರಿಸಿಕೊಳ್ಳಿ" ಎಂದು ಬರೆದುಕೊಟ್ಟೆ. ಮಾಸ್ತರರು ಒಂದು ಅಂಗಡಿಗೆ ಹೋದರು. ಅಲ್ಲಿದ್ದ 100 ಮಿಲಿಮೀಟರ್ ಸ್ಟೆಮ್ ತೆಗೆದು 40 ಮಿಲಿಮೀಟರಿನದನ್ನು ಹಾಕಿದರು. ಅದಲ್ಲದೆ ಸೀಟನ್ನೂ ಎಷ್ಟು ಸರಿಯುತ್ತದೋ ಅಷ್ಟು ಮುಂದಕ್ಕೆ ತಳ್ಳಿ ಬಿಗಿದರು. ಮಾಸ್ತರರು ಅಂಗಡಿಯ ಮುಂದೆ ಒಂದು ಸುತ್ತು ಹೊಡೆದು "ಭಾಳ ಹಗುರಾತು" ಎಂದು ಖುಷಿಯಿಂದ ಮನೆಗೆ ಬಂದರು.

ಮೂರನೆಯ ದಿನ ಕೆಲಗೇರಿ ಕೆರೆಯ ಕಡೆಗೆ ಇಳಿಯುವ ದಾರಿಯಲ್ಲಿ ಬಿದ್ದರು. ಜಿಟಿಜಿಟಿ ಮಳೆ, ರಸ್ತೆಯ ಅಂಚಿನಲ್ಲಿ ಗರಸು. ಎದುರಿಗೆ ಬಂದ ನಾಯಿಯನ್ನು ತಪ್ಪಿಸಲು ಎರಡು ತಿಂಗಳ ರೂಢಿಯಂತೆ ಹ್ಯಾಂಡಲ್ ತಿರುಗಿಸಿದ್ದಾರೆ. ಸೈಕಲ್ ನೆನೆಸಿದ್ದಕ್ಕಿಂತ ಬೇಗ ತಿರುಗಿದೆ. ಗಾಬರಿಯಲ್ಲಿ ಮುಂದಿನ ಬ್ರೇಕ್ ಒತ್ತಿದ್ದಾರೆ, ಒದ್ದೆ ಗರಸಿನ ಮೇಲೆ ಚಕ್ರ ಜಾರಿದೆ. ಮೊಣಕೈ ತರಚಿತು, ಮಣಿಕಟ್ಟು ಬಾತಿತು. ಎಕ್ಸ್‌ರೇ ತೆಗೆಸಿದಾಗ ಮೂಳೆ ಮುರಿದಿರಲಿಲ್ಲ. ನನ್ನ ಚೀಟಿಯಿಂದಾದ ಪೆಟ್ಟು ಅಷ್ಟಕ್ಕೇ ಮುಗಿಯಿತು. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಸ್ಟೆಮ್ ಚಿಕ್ಕದಾದರೆ ಹೀಗೇಕೆ? ಚಕ್ಕಡಿಗೆ ಹೊರೆ ಹೇರಿದವರಿಗೆ ಇದು ಬೇಗ ತಿಳಿಯುತ್ತದೆ. ಹೊರೆ ಹಿಂದಾದರೆ ನೊಗ ಮೇಲೇಳುತ್ತದೆ, ಮುಂದಾದರೆ ಎತ್ತಿನ ಹೆಗಲಿಗೆ ಭಾರ. ಸೈಕಲ್ಲಿನಲ್ಲಿ ಹೊರೆಯೆಂದರೆ ನಮ್ಮ ಮೈ. ಸ್ಟೆಮ್ ಉದ್ದವಾದಷ್ಟೂ ಎದೆ ಮುಂದಕ್ಕೆ ಬಾಗಿ ಮುಂದಿನ ಚಕ್ರದ ಮೇಲೆ ಭಾರ ಹೆಚ್ಚುತ್ತದೆ. ಚಕ್ರ ನೆಲಕ್ಕೆ ಗಟ್ಟಿಯಾಗಿ ಅಂಟಿ ಸೈಕಲ್ ನಿಧಾನವಾಗಿ, ಸಮಾಧಾನವಾಗಿ ತಿರುಗುತ್ತದೆ. ಆದರೆ ಅಂಗೈ, ಕುತ್ತಿಗೆ ಬೇಯುತ್ತವೆ. ಸ್ಟೆಮ್ ತೀರ ಗಿಡ್ಡವಾದರೆ ಎದೆ ಮೇಲೇಳುತ್ತದೆ, ಕೈ ಹಗುರವಾಗುತ್ತದೆ. ಮುಂದಿನ ಚಕ್ರವೂ ಹಗುರವಾಗುತ್ತದೆ: ಏರಿನಲ್ಲಿ ಅತ್ತಿತ್ತ ಅಲೆದಾಡುತ್ತದೆ, ಸಡಿಲ ಮಣ್ಣಿನ ತಿರುವಿನಲ್ಲಿ ಹಿಡಿತ ಬಿಡುತ್ತದೆ. ಇನ್ನೊಂದು ಮಾತು, ಹಿಡಿಕೆಗಳು ಚಕ್ರ ತಿರುಗುವ ಕಂಬಕ್ಕಿಂತ ಬಹಳ ಮುಂದಿದ್ದರೆ ತಿರುಗಿಸುವಾಗ ಕೈಗಳು ಪಕ್ಕಕ್ಕೆ ತೂಗಬೇಕಾಗುತ್ತದೆ. ಅದು ನಿಧಾನದ ಕೆಲಸ. ಕಂಬದ ಹತ್ತಿರವೇ ಇದ್ದರೆ ಒಂದು ಕೈ ತುಸು ಮುಂದೆ, ಇನ್ನೊಂದು ತುಸು ಹಿಂದೆ ಹೋದರೆ ಸಾಕು, ಚಕ್ರ ತಿರುಗಿಯೇ ಬಿಡುತ್ತದೆ. ಕಾಡುಗುಡ್ಡದಲ್ಲಿ ಓಡಿಸಲೆಂದೇ ಮಾಡಿದ ಈಗಿನ ಸೈಕಲ್ಲುಗಳಲ್ಲಿ 35ರಿಂದ 50 ಮಿಲಿಮೀಟರಿನ ಸ್ಟೆಮ್ ಇರುತ್ತದೆ ನಿಜ. ಆದರೆ ಅವುಗಳ ಚೌಕಟ್ಟು ಅದಕ್ಕೆ ತಕ್ಕಂತೆ ಉದ್ದ, ಹ್ಯಾಂಡಲ್ ಅಗಲ. ಚೌಕಟ್ಟು ಒಂದು ಲೆಕ್ಕದ್ದು, ಸ್ಟೆಮ್ ಇನ್ನೊಂದು ಲೆಕ್ಕದ್ದು ಆದರೆ ಮಾಸ್ತರರಿಗಾದ ಗತಿಯೇ ಆಗುತ್ತದೆ. ಒಂದು ಸೆಂಟಿಮೀಟರ್ ಹೆಚ್ಚುಕಡಿಮೆ ಮಾಡಿದರೆ ಎರಡು ದಿನದಲ್ಲಿ ಮೈಗೆ ರೂಢಿಯಾಗುತ್ತದೆ. ಒಮ್ಮೆಲೇ ಆರು ಸೆಂಟಿಮೀಟರ್ ಕಡಿಮೆ ಮಾಡಿದರೆ ಹೊಸ ಸೈಕಲ್ ಕಲಿತಂತೆಯೇ.

ಸೀಟು ಮೊದಲು, ಸ್ಟೆಮ್ ಕೊನೆಗೆ

ಮಣಿಕಟ್ಟು ಗುಣವಾದ ಮೇಲೆ ಒಂದು ರವಿವಾರ ಮಾಸ್ತರರ ಪಡಸಾಲೆಯಲ್ಲಿ ಸೈಕಲ್ ನಿಲ್ಲಿಸಿಕೊಂಡು ಕೂತೆವು. ಟೇಪು, ದಾರ, ಒಂದು ನಟ್ಟು, ಅಲನ್ ಕೀ ಇಷ್ಟೇ ಸಾಮಾನು. ನೀವೂ ಮನೆಯಲ್ಲಿ ಮಾಡಬಹುದು.

ಮೊದಲು ಸೀಟಿನ ಎತ್ತರ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು, ತೊಡೆಗಳ ಸಂದಿಗೆ ಒಂದು ದಪ್ಪ ಪುಸ್ತಕವನ್ನು ಸೀಟಿನಂತೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. ಪೆಡಲ್ ಕಟ್ಟೆಯ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗೆ ಸುಮಾರಾಗಿ ಅಷ್ಟು ದೂರ ಇರಬೇಕು. ಫ್ರಾನ್ಸಿನ ಪ್ರವಾಸ ಸ್ಪರ್ಧೆ 'ಟೂರ್ ಡಿ ಫ್ರಾನ್ಸ್' ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಅವರಿಂದ ಪ್ರಸಿದ್ಧವಾದ ಲೆಕ್ಕವಿದು. ಮಾಸ್ತರರ ಅಳತೆ 76 ಸೆಂ.ಮೀ., ಗುಣಿಸಿದರೆ 67. ಅವರ ಸೀಟು ಇದ್ದದ್ದು 62ಕ್ಕೆ! ಲೆಕ್ಕ ಬೇಡವೆಂದರೆ ಇನ್ನೊಂದು ಉಪಾಯವಿದೆ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಡಿ. ಮೊಣಕಾಲು ಆಗ ನೆಟ್ಟಗಾಗಬೇಕು. ಓಡಿಸುವಾಗ ಪಾದದ ಮುಂಭಾಗವನ್ನು ಪೆಡಲಿಗೆ ಇಟ್ಟರೆ ತಾನಾಗಿಯೇ 25ರಿಂದ 35 ಡಿಗ್ರಿ ಬಾಗು ಉಳಿಯುತ್ತದೆ.

ನಮ್ಮಲ್ಲಿ ಹತ್ತಕ್ಕೆ ಒಂಬತ್ತು ಜನರ ಸೀಟು ಕೆಳಗಿರುತ್ತದೆ ಎಂದು ನನ್ನ ಅಂದಾಜು. ಕೂತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಊರಬೇಕೆಂಬುದು ಅದಕ್ಕೆ ಕಾರಣ. ಸೀಟು ಕೆಳಗಿದ್ದಷ್ಟೂ ಮೊಣಕಾಲು ಹೆಚ್ಚು ಮಡಚುತ್ತದೆ, ಚಿಪ್ಪು ತೊಡೆಮೂಳೆಗೆ ಹೆಚ್ಚು ಬಲವಾಗಿ ಒತ್ತುತ್ತದೆ. ಮುಂಭಾಗದಲ್ಲಿ ನೋವು ಬರುವುದು ಹೀಗೆ. ಸೀಟು ತೀರ ಎತ್ತರವಾದರೆ ನೋವು ಮೊಣಕಾಲಿನ ಹಿಂದೆ, ಟೊಂಕ ಅತ್ತಿತ್ತ ಆಡುತ್ತದೆ. "ಮೊಣಕಾಲು ಸವೆದಿವೆ, ಸೈಕಲ್ ಬಿಟ್ಟುಬಿಡಿ" ಎಂದು ಹೇಳಿಸಿಕೊಂಡ ಎಷ್ಟೋ ಜನರಿಗೆ ಸೀಟು ಎತ್ತರಿಸುವುದಷ್ಟೇ ಬೇಕಾಗಿರುತ್ತದೆ. ನಿಲ್ಲುವಾಗ ಸೀಟಿನಿಂದ ಮುಂದಕ್ಕಿಳಿದು ಒಂದು ಕಾಲು ಊರುವ ರೂಢಿ ಮಾಡಿಕೊಳ್ಳಬೇಕು. ಮಾಸ್ತರರಿಗೆ ಒಮ್ಮೆಲೇ ಧೈರ್ಯ ಬರಲಿಲ್ಲ. ವಾರಕ್ಕೆ ಒಂದು ಸೆಂಟಿಮೀಟರಿನಂತೆ ಏರಿಸಿ 66ಕ್ಕೆ ನಿಲ್ಲಿಸಿದೆವು. ಸೀಟಿನ ಕಂಬದ ಮೇಲೆ ಒಂದು ಗೆರೆ ಇರುತ್ತದೆ, ಆ ಗೆರೆ ಹೊರಗೆ ಕಾಣುವಷ್ಟು ಮೇಲಕ್ಕೆ ಎಳೆಯಬೇಡಿ, ಕಂಬ ಮುರಿಯುತ್ತದೆ. ಹಳೆಯ ಮಾದರಿಯ, ಚೌಕಟ್ಟಿನೊಳಗೆ ಇಳಿಯುವ ಹ್ಯಾಂಡಲ್ ಕಂಬಕ್ಕೂ ಇಂಥದೇ ಗೆರೆಯಿದೆ.

ಆಮೇಲೆ ಸೀಟಿನ ಹಿಂದು ಮುಂದು. ಪೆಡಲ್‌ಗಳನ್ನು ನೆಲಕ್ಕೆ ಸಮಾನಾಂತರವಾಗಿ ಇಟ್ಟು, ನಟ್ಟು ಕಟ್ಟಿದ ದಾರವನ್ನು ಮುಂದಿನ ಮೊಣಕಾಲ ಚಿಪ್ಪಿನ ಮುಂಭಾಗದಿಂದ ಇಳಿಬಿಡಿ. ಅದು ಪೆಡಲಿನ ಅಚ್ಚಿನ ಆಸುಪಾಸಿನಲ್ಲಿ ಬಂದರೆ ಸರಿ. ಇದು ಸ್ಥೂಲ ಅಂದಾಜು, ಶಾಸನವಲ್ಲ. ಆದರೆ ಹ್ಯಾಂಡಲ್ ದೂರವಾಯಿತೆಂದು ಸೀಟನ್ನು ಮುಂದಕ್ಕೆ ತಳ್ಳುವುದು ಮಾತ್ರ ತಪ್ಪು. ಟೊಂಕ ಮುಂದೆ ಬಂದಷ್ಟೂ ಕೈಗಳ ಮೇಲೆ ಭಾರ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಸೀಟಿನ ಮೂತಿಯೂ ಮೇಲಕ್ಕೆ ನೋಡಬಾರದು, ಸಮತಟ್ಟಾಗಿರಲಿ. ಗಂಡಸರಿಗೆ ಜನನಾಂಗದ ಸುತ್ತ ಜೋಮು ಬಂದರೆ ನಾಚಿಕೊಂಡು ಸುಮ್ಮನಿರಬೇಡಿ. ಅಲ್ಲಿಯ ನರ, ರಕ್ತನಾಳಗಳು ಒತ್ತಿದರ ಸೂಚನೆ ಅದು. ಹೆಂಗಸರ ಕೂರುವ ಮೂಳೆಗಳ ನಡುವಿನ ಅಂತರ ಸಾಮಾನ್ಯವಾಗಿ ಹೆಚ್ಚು, ಅವರಿಗೆ ತುಸು ಅಗಲದ ಸೀಟು ಹಿತ.

ಇವೆರಡೂ ಆದ ಮೇಲೆಯೇ ಸ್ಟೆಮ್. ಸೈಕಲ್ ಮೇಲೆ ಕೂತು ಹ್ಯಾಂಡಲ್ ಹಿಡಿದಾಗ ಮೊಣಕೈ ಸಡಿಲವಾಗಿ ತುಸು ಬಾಗಿರಬೇಕು, ಹೆಗಲು ಕಿವಿಯ ಕಡೆಗೆ ಏರಿರಬಾರದು, ಮಣಿಕಟ್ಟು ಮೊಣಕೈಯ ನೇರದಲ್ಲಿರಬೇಕು. ಹಿಡಿಕೆಗಳ ಮೇಲೆ ಪಿಯಾನೋ ನುಡಿಸುವಂತೆ, ನಮ್ಮ ಹಾರ್ಮೋನಿಯಂ ಎಂದರೂ ಸರಿ, ಬೆರಳಾಡಿಸಲು ಬಂದರೆ ಕೈ ಹಗುರವಿದೆ ಎಂದರ್ಥ. ದೂರವೆನಿಸಿದರೆ ಹಣ ಖರ್ಚು ಮಾಡುವ ಮೊದಲು ಒಂದು ಪುಕ್ಕಟೆ ಉಪಾಯವಿದೆ: ಬಹಳಷ್ಟು ಸ್ಟೆಮ್‌ಗಳು ಆರೇಳು ಡಿಗ್ರಿ ಓರೆಯಾಗಿರುತ್ತವೆ. ಕೆಳಮುಖವಾಗಿ ಕೂರಿಸಿದ್ದನ್ನು ಬಿಚ್ಚಿ ತಿರುಗಿಸಿದರೆ ಮೇಲ್ಮುಖವಾಗಿ ಹ್ಯಾಂಡಲ್ ಎತ್ತರವಾಗುತ್ತದೆ, ತುಸು ಹತ್ತಿರವೂ ಬರುತ್ತದೆ. ಅಷ್ಟಕ್ಕೆ ಸಾಲದಿದ್ದರೆ ಒಂದೆರಡು, ಹೆಚ್ಚೆಂದರೆ ಮೂರು ಸೆಂಟಿಮೀಟರ್ ಗಿಡ್ಡ ಸ್ಟೆಮ್ ಕೊಳ್ಳಿ. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಚೌಕಟ್ಟೇ ನಿಮ್ಮದಲ್ಲ. ಕೊಳ್ಳುವಾಗ ಹ್ಯಾಂಡಲ್ ಕೊಳವೆಯ ದಪ್ಪ ನೋಡಿಕೊಳ್ಳಿ. ಈಗಿನವು ಹೆಚ್ಚಾಗಿ 31.8 ಮಿ.ಮೀ., ಹಳೆಯವು 25.4. ಜೋಡಿಸಿದ ಮೇಲೆ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಬಿಗಿಹಿಡಿದು ಹ್ಯಾಂಡಲ್ ತಿರುಗಿಸಿ ನೋಡಿ. ಚಕ್ರ ನಿಂತು ಹ್ಯಾಂಡಲ್ ಮಾತ್ರ ತಿರುಗಿದರೆ ಬೋಲ್ಟ್ ಸಡಿಲವಿದೆ, ರಸ್ತೆಗಿಳಿಯಬೇಡಿ. ಹಾಗೆಂದು ಬಲಪ್ರಯೋಗವೂ ಬೇಡ. ಬೋಲ್ಟಿನ ಪಕ್ಕ ಬರೆದ ಅಂಕಿಗೆ ತಕ್ಕಂತೆ ತಿಳಿದವರಿಂದ ಬಿಗಿಸುವುದು ಲೇಸು. ಮೊದಲ ನಾಲ್ಕು ದಿನ ವಾಹನಗಳಿಲ್ಲದ ಮೈದಾನದಲ್ಲಿ ತಿರುವು, ಬ್ರೇಕು ಎರಡನ್ನೂ ಅಭ್ಯಾಸ ಮಾಡಿ.

ಮಾಸ್ತರರ ಸೈಕಲ್ಲಿಗೆ ಕೊನೆಗೆ ನಿಂತದ್ದು 70 ಮಿಲಿಮೀಟರಿನ ಸ್ಟೆಮ್, ಮೇಲ್ಮುಖವಾಗಿ. ಮಗನ ಚೌಕಟ್ಟು ಅವರಿಗೆ ಇಂದಿಗೂ ಒಂದು ಅಳತೆ ದೊಡ್ಡದೇ. ಮೊಣಕಾಲು ನೋವು ಎರಡು ವಾರದಲ್ಲಿ ಇಳಿಯಿತು. ಬೆರಳುಗಳಿಗೆ ಎರಡು ತಿಂಗಳು ಬೇಕಾಯಿತು, ಎಡಗೈ ಕಿರುಬೆರಳ ತುದಿ ಈಗಲೂ ಪೂರ್ತಿ ಮರಳಿಲ್ಲ. ನರ ಅವಸರ ಮಾಡುವುದಿಲ್ಲ.

ಎಲ್ಲವನ್ನೂ ಸೈಕಲ್ಲಿನ ತಲೆಗೆ ಕಟ್ಟುವುದೂ ಅಪಾಯ. ಸವಾರಿ ನಿಲ್ಲಿಸಿ ಎರಡು ವಾರವಾದರೂ ಜೋಮು ಹೋಗದಿದ್ದರೆ, ಎರಡು ಬೆರಳ ನಡುವೆ ಹಿಡಿದ ಕಾಗದ ಜಾರಿಹೋಗುವಷ್ಟು ಶಕ್ತಿ ಕುಂದಿದರೆ, ಅಂಗೈಯ ಮಾಂಸ ಬತ್ತಿದರೆ, ಜೋಮು ಪಾದಗಳಲ್ಲೂ ಇದ್ದರೆ ವೈದ್ಯರಿಗೆ ತೋರಿಸಿ. ಏರು ತುಳಿಯುವಾಗ ಎದೆ ಬಿಗಿದು ಎಡಗೈಗೆ ಅಥವಾ ದವಡೆಗೆ ನೋವು ಹರಿದರೆ ಅಲ್ಲಿಯೇ ಇಳಿಯಿರಿ. ಅದು ಹೃದಯದ ಕರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಕ್ಕಳ ಸೈಕಲ್

"ಬೆಳಿಯೋ ಹುಡುಗ, ನಾಕು ವರ್ಷ ಬರ್ಲಿ" ಎಂದು ದೊಡ್ಡ ಸೈಕಲ್ ಕೊಡಿಸುವುದು ಅಂಗಿ ಹೊಲಿಸುವ ಲೆಕ್ಕ. ನಾನೂ ಅಪ್ಪನ 22 ಇಂಚಿನ ಚೌಕಟ್ಟಿನೊಳಗೆ ಕಾಲು ತೂರಿಸಿ ಒಳಪೆಡಲು ಹೊಡೆದೇ ಕಲಿತವನು, ಮೊಣಕಾಲಿನ ಗುರುತು ಇನ್ನೂ ಇದೆ. 2006-07ರಿಂದ ಕೊರೊನಾ ಕಾಲದವರೆಗೆ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು. ಎಷ್ಟೋ ಹುಡುಗಿಯರ ಓದು ಉಳಿದದ್ದು ಅದರಿಂದ. ಆದರೆ ಎಂಟನೆಯ ತರಗತಿಯಲ್ಲಿ ನಾಲ್ಕೂವರೆ ಅಡಿಯವರೂ ಇರುತ್ತಾರೆ, ಐದೂವರೆ ಅಡಿಯವರೂ ಇರುತ್ತಾರೆ. ಕೊಟ್ಟ ಸೈಕಲ್ಲಿನ ಸೀಟನ್ನು ಅವರವರ ಕಾಲಿಗೆ ಹೊಂದಿಸಿಕೊಡುವ ಕೆಲಸ ಮನೆಯವರದು. ಸೈಕಲ್ಲಿನ ಎರಡೂ ಬದಿಗೆ ಕಾಲು ಹಾಕಿ ನಿಂತಾಗ ಪಾದಗಳು ನೆಲಕ್ಕೆ ಪೂರ್ತಿ ಊರಿ, ಮೇಲಿನ ಅಡ್ಡಕೊಳವೆಗೂ ಮೈಗೂ ನಡುವೆ ಎರಡು ಮೂರು ಸೆಂಟಿಮೀಟರ್ ಜಾಗ ಇರಬೇಕು. ಬ್ರೇಕಿನ ಹಿಡಿಕೆಗೆ ಮಗುವಿನ ಬೆರಳು ಎಟುಕಬೇಕು. ಆರು ತಿಂಗಳಿಗೊಮ್ಮೆ ಸೀಟು ನೋಡಿ ಏರಿಸಿ.

ಹಿಡಿಕೆಯ ರಬ್ಬರ್ ಹರಿದು ಕೊಳವೆಯ ಬಾಯಿ ಹೊರಬಿದ್ದಿದ್ದರೆ ಇವತ್ತೇ ಹೊಸದು ಹಾಕಿಸಿ. ಅಂಕೆ ತಪ್ಪುವ ಸೈಕಲ್ಲಿನಿಂದ ಮಗು ಬೀಳುವಾಗ ಹ್ಯಾಂಡಲ್ ಅಡ್ಡ ತಿರುಗಿ ಅದರ ತುದಿ ಹೊಟ್ಟೆಗೆ ಇರಿಯುತ್ತದೆ. ಚರ್ಮದ ಮೇಲೆ ಉಂಗುರದಂಥ ಸಣ್ಣ ಗುರುತು ಮಾತ್ರ ಇರಬಹುದು, ಅದೂ ಇಲ್ಲದಿರಬಹುದು. ಒಳಗೆ ಯಕೃತ್ತು, ಗುಲ್ಮ, ಮೇದೋಜೀರಕ ಗ್ರಂಥಿ ಅಥವಾ ಕರುಳಿಗೆ ಪೆಟ್ಟಾಗಿರುತ್ತದೆ, ಲಕ್ಷಣ ಕಾಣಲು ಕೆಲವೊಮ್ಮೆ ಒಂದೆರಡು ದಿನ ಹಿಡಿಯುತ್ತದೆ. ಬೈಗುಳಕ್ಕೆ ಹೆದರಿ ಮಕ್ಕಳು ಬಿದ್ದದ್ದನ್ನು ಮುಚ್ಚಿಡುತ್ತಾರೆ. ಆದ್ದರಿಂದ ಹೊಟ್ಟೆ ನೋವು, ಮೇಲಿಂದ ಮೇಲೆ ವಾಂತಿ, ಅದರಲ್ಲೂ ಹಸಿರು ವಾಂತಿ, ಮುಖ ಬಿಳಿಚುವುದು, ಎಡ ಹೆಗಲಿನ ತುದಿಗೆ ನೋವು ಇವುಗಳಲ್ಲಿ ಯಾವುದು ಕಂಡರೂ ಸಮಾಧಾನದಿಂದ "ಸೈಕಲ್ಲಿನಿಂದ ಬಿದ್ದಿಯೇನು?" ಎಂದು ಕೇಳಿ. ಹೌದೆಂದರೆ ಊಟ, ನೀರು ಕೊಡದೆ, ಹೊಟ್ಟೆಗೆ ಎಣ್ಣೆ ತಿಕ್ಕದೆ, ಅಲ್ಟ್ರಾಸೌಂಡ್ ಮತ್ತು ಶಸ್ತ್ರವೈದ್ಯರ ಅನುಕೂಲ ಇರುವ ಆಸ್ಪತ್ರೆಗೆ ಅದೇ ಗಳಿಗೆಗೆ ಕರೆದೊಯ್ಯಿರಿ. ಅಲ್ಲಿಯ ವೈದ್ಯರಿಗೆ ಮೊದಲ ಮಾತಾಗಿ ಹ್ಯಾಂಡಲ್ ಹೊಟ್ಟೆಗೆ ಬಡಿದಿದೆ ಎಂದು ಹೇಳಿ.